ಮಿಂಚೊ ಕರೆದ ಸಭೆಗೆ ಊರೆಲ್ಲ ಬಂದಿತ್ತು

ಮಿಂಚೊ ತರಬೇತಿಗೆ ಹೋಗದೆ ಇದ್ದಿದ್ದರೆ ಗವ್ರಿಲ್ ಸಾಯುತ್ತಿರಲಿಲ್ಲ. ಸತ್ತ ಮೇಲೆ ತಾನೇ ಬಸ್ಸು ಓಡಿಸಿಕೊಂಡು ಬಂದು, ತನ್ನದೇ ಶ್ರದ್ಧಾಂಜಲಿ ಸಭೆಯಲ್ಲಿ ಕೈಯೊಡ್ಡಿ ಪ್ರಸಾದ ತಿನ್ನುವ ಯೋಗವೂ ಅವನಿಗೆ ಒದಗಿಬರುತ್ತಿರಲಿಲ್ಲ. ಆದರೆ ಒಬ್ಬ ಮನುಷ್ಯನಿಗೆ ತರಬೇತಿ ಕೊಟ್ಟೇ ತೀರಬೇಕು ಎಂದು ಸರ್ಕಾರ ಮನಸ್ಸು ಮಾಡಿದ ಮೇಲೆ ತಡೆಯುವವರು ಯಾರು?

ಮಿಂಚೊ ನಮ್ಮ ದೋಲ್ನಾ ಕ್ರುಶಾದ ಊರ ಕಚೇರಿಯಲ್ಲಿ ಗುಮಾಸ್ತ. ಜನನ ಮರಣ ಬರೆಯುವುದು ಅವನ ಕೆಲಸ. ನಮ್ಮಲ್ಲಿ ಹುಟ್ಟುವವರು ನಿಂತುಹೋಗಿ ಬಹಳ ವರ್ಷವಾದ್ದರಿಂದ ಈಗ ಅರ್ಧ ಕೆಲಸ ಮಾತ್ರ ಉಳಿದಿದೆ. ಯಾರಾದರೂ ಹೋದರೆ ಸಾವಿನ ಚೀಟಿ ಅಚ್ಚು ಹಾಕಿಕೊಡುವವನೂ ಅವನೇ. ಸುತ್ತ ಕಪ್ಪು ಅಂಚು, ನಡುವೆ ಮೊಟ್ಟೆಯಾಕಾರದಲ್ಲಿ ಸತ್ತವರ ಮುಖ, ಕೆಳಗೆ ನಾಲ್ಕು ಸಾಲು, ದಿನ, ಗಂಟೆ. ಅದನ್ನು ಅವರ ಮನೆಬಾಗಿಲಿಗೆ, ಬಸ್ ನಿಲ್ದಾಣಕ್ಕೆ, ಪಕ್ಕದ ಮರಕ್ಕೆ ಅಂಟಿಸುತ್ತಾರೆ. ನಲವತ್ತನೇ ದಿನಕ್ಕೆ ಇನ್ನೊಂದು, ಆರು ತಿಂಗಳಿಗೆ ಮತ್ತೊಂದು, ಆಮೇಲೆ ವರ್ಷ ವರ್ಷ. ನಿಲ್ದಾಣದ ಎದುರಿಗೆ ಅಂಗಡಿ ಇಟ್ಟು ಕಾಫಿ ಮಾರುವವಳು ನಾನು, ನೇದ್ಕ. ನನ್ನ ಅಂಗಡಿಯ ಕದಕ್ಕೂ ಅಂಟಿಸುತ್ತಾರೆ. ಕದದ ಬಣ್ಣ ಯಾವುದೆಂದು ನನಗೇ ಮರೆತುಹೋಗಿದೆ.

ಮಿಂಚೊನ ಹೆಂಡತಿ ದೊಂಕ ಪಟ್ಟಣದ ಶುಶ್ರೂಷಾಲಯದಲ್ಲಿದ್ದಾಳೆ. ಎರಡು ವರ್ಷದ ಹಿಂದೆ ಬಟ್ಟೆ ಒಣಹಾಕುತ್ತಿದ್ದವಳಿಗೆ ಲಕ್ವ ಹೊಡೆದು ಬಲಗಡೆ ಬಿದ್ದುಹೋಯಿತು. ಮಂಗಳವಾರ ಮತ್ತು ಶುಕ್ರವಾರ ಗವ್ರಿಲನ ಬಸ್ಸು ಮಧ್ಯಾಹ್ನಕ್ಕೆ ಬಂದು ನಮ್ಮನ್ನು ಪಟ್ಟಣಕ್ಕೆ ಒಯ್ದು ಸಂಜೆ ತಂದು ಬಿಡುತ್ತಿತ್ತು. ಆ ಎರಡು ದಿನ ಮಿಂಚೊ ಹೋಗಿ ಮೊಸರು ತಿನ್ನಿಸಿದರೆ ದೊಂಕ ತಿನ್ನುವಳು. ಉಳಿದ ದಿನ ಗೋಡೆಗೆ ಮುಖ ಮಾಡಿ ಮಲಗುವಳು, ನರ್ಸುಗಳು ಬೇಡಿಕೊಂಡು ಎರಡು ಚಮಚ ಒಳಗೆ ಇಳಿಸುವರು. ಮಿಂಚೊಗೆ ಗಾಡಿ ಓಡಿಸಲು ಬರುವುದಿಲ್ಲ. ಕಲಿಯಲು ಹೋದವನು ಪಟ್ಟಣದ ಚೌಕದ ಕಾರಂಜಿಯೊಳಗೆ ಕಾರು ಇಳಿಸಿ, ಪ್ಯಾಂಟು ಮೊಣಕಾಲಿಗೆ ಮಡಚಿಕೊಂಡು ಎದ್ದು ಬಂದಿದ್ದ.

ಹೀಗಿರುವಾಗ ಪುರಸಭೆಯವರು ಹೊಸ ಸಂಚಾರ ಯೋಜನೆ ತಯಾರಿಸಿದರು. ಅದರಲ್ಲಿ ನಮ್ಮ ಬಸ್ಸು ಇರಲಿಲ್ಲ. ಆದರೆ ಕಾನೂನು ಬಹಳ ಮರ್ಯಾದಸ್ಥ. ಬಸ್ಸು ಕಿತ್ತುಕೊಳ್ಳುವ ಮುಂಚೆ ಜನರನ್ನು ಕರೆದು ಕೇಳಬೇಕಂತೆ. ಜನ ಬಂದು ಒಟ್ಟಾಗಿ ಬೇಡವೆಂದರೆ ಯೋಜನೆ ತಿದ್ದಲೇಬೇಕಂತೆ. ಜನ ಬರದಿದ್ದರೆ ಒಪ್ಪಿಗೆ ಎಂದು ಲೆಕ್ಕವಂತೆ. ಜನರನ್ನು ಹೇಗೆ ಕರೆಯಬೇಕು, ಹೇಗೆ ಕೂರಿಸಬೇಕು, ಹೇಗೆ ಮಾತಾಡಿಸಬೇಕು ಎಂದು ಹೇಳಿಕೊಡಲು ಊರಿಗೊಬ್ಬರಂತೆ ಕರೆದು ತರಬೇತಿ ಕೊಟ್ಟರು. ಮಿಂಚೊ ಕರೆಯುವ ಮುಂಚೆಯೇ ಹೋಗಿ ಕೂತಿದ್ದ.

ಹೋದದ್ದು ನಮ್ಮ ಮಿಂಚೊ. ಬಂದವನು ಬೇರೆ ಯಾರೋ. ಕೊರಳಲ್ಲಿ ಹೆಸರಿನ ಬಿಲ್ಲೆ, ಚೀಲದ ತುಂಬ ಬಣ್ಣದ ಅಂಟುಚೀಟಿ, ಬಾಯಿ ತುಂಬ ಹೊಸ ಮಾತು. ನನಗೆ ನಮಸ್ಕಾರ ಹೇಳುವುದು ಬಿಟ್ಟು, "ನೇದ್ಕ, ನೀನು ಒಬ್ಬ ಪಾಲುದಾರಳು" ಅಂದ. ನಾನು ಗಾಬರಿಯಾದೆ. ಅಂಗಡಿಯಲ್ಲಿ ಪಾಲು ಕೇಳಲು ಬಂದಿದ್ದಾನೆ ಅಂದುಕೊಂಡೆ.

ಮೊದಲು ಅವನು ಮಾಡಿದ್ದು ಕಾಫಿ ಕೂಟ. ನನ್ನ ಮೇಜುಗಳಲ್ಲೇ. ಒಂದೊಂದು ಮೇಜಿಗೆ ಒಂದೊಂದು ಪ್ರಶ್ನೆ, ಗಂಟೆ ಬಾರಿಸಿದಾಗ ಎಲ್ಲರೂ ಎದ್ದು ಮುಂದಿನ ಮೇಜಿಗೆ ಹೋಗಬೇಕು. ಮೂಲೆಯಲ್ಲಿ ದಾನ್ಯೊ ತನ್ನ ಗುಂಪಿನೊಡನೆ ಇಸ್ಪೀಟು ಆಡುತ್ತಿದ್ದ. ಬಹಳ ವರ್ಷದ ಮೇಲೆ ಅವನಿಗೆ ಒಳ್ಳೆ ಎಲೆ ಬಿದ್ದಿತ್ತು. ಮಿಂಚೊ ಗಂಟೆ ಬಾರಿಸಿದ. ಯಾರೂ ಏಳಲಿಲ್ಲ. ಮತ್ತೆ ಬಾರಿಸಿದ. "ಬೆಂಕಿ ಬಿದ್ದಿದ್ರೆ ಹೇಳು, ಏಳ್ತೀನಿ. ಇಲ್ಲಾಂದ್ರೆ ಆ ಗಂಟೇನ ಮೇಕೆ ಕೊರಳಿಗೆ ಕಟ್ಟು" ಅಂದ ದಾನ್ಯೊ. ಪ್ರಶ್ನೆ ಬರೆದ ಹಾಳೆಗಳ ಮೇಲೆ ಆ ಸಂಜೆ ಎಲ್ಲರೂ ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿದರು.

ಆಮೇಲೆ ಊರ ನಡಿಗೆ. ಪಾಲುದಾರರೆಲ್ಲ ಒಟ್ಟಾಗಿ ಊರು ಸುತ್ತುತ್ತ ಏನು ಬೇಕು, ಏನು ಬೇಡ ಎಂದು ಹೇಳಬೇಕು. ಮಿಂಚೊ ಕೈಯಲ್ಲಿ ಬಾವುಟ ಹಿಡಿದು ಮುಂದೆ ನಡೆದ. ಹಿಂದೆ ಕಟುಕನ ಮನೆಯ ನಾಯಿ ಬಂತು. ಅದೂ ಸೇತುವೆವರೆಗೆ ಮಾತ್ರ.

ಆಮೇಲೆ ಸಲಹಾ ಪೆಟ್ಟಿಗೆ. ಕೆಂಪು ಬಣ್ಣ ಬಳಿದು ನಿಲ್ದಾಣದಲ್ಲಿ ತೂಗುಹಾಕಿದ. ಒಂದು ವಾರ ಬಿಟ್ಟು ತೆಗೆದರೆ ಒಳಗೆ ಒಂದೇ ಒಂದು ಲಕೋಟೆ. ಮಿಂಚೊ ಕುಣಿದಾಡಿಬಿಟ್ಟ. ಬಿಚ್ಚಿ ನೋಡಿದರೆ ಸ್ತಾಮೆನಜ್ಜಿ ಸ್ಪೇನಿನಲ್ಲಿರುವ ಮಗಳಿಗೆ ಬರೆದ ಕಾಗದ. ನಮ್ಮೂರ ಅಂಚೆಪೆಟ್ಟಿಗೆ ಕಿತ್ತು ಎಷ್ಟೋ ಕಾಲವಾಗಿತ್ತು. ಕೊನೆಗೂ ವಾಪಸು ಹಾಕಿದ್ದಾರೆ ಎಂದು ಅಜ್ಜಿ ತಿಳಿದಿದ್ದಳು. ಉತ್ತರ ಬಂತಾ ಎಂದು ದಿನವೂ ನನ್ನ ಅಂಗಡಿಗೆ ಬಂದು ಕೇಳುತ್ತಿದ್ದಳು. ಮಿಂಚೊ ಅದನ್ನು ಪಟ್ಟಣಕ್ಕೆ ಒಯ್ದು ತಾನೇ ಅಂಚೆಗೆ ಹಾಕಿದ. ಅಜ್ಜಿಗೆ ಮಾತ್ರ ಹೇಳಲಿಲ್ಲ.

ನಾವು ಬಸ್ಸು ಬೇಡವೆನ್ನುವವರಲ್ಲ. ಬಸ್ಸು ನಮಗೂ ಬೇಕಿತ್ತು. ಆದರೆ ಸಭೆ ಅಂದರೆ ನಮಗೆ ಹಳೇ ಅಲರ್ಜಿ. ನಮ್ಮ ಅಪ್ಪಂದಿರನ್ನು ಒಂದು ಕಾಲದಲ್ಲಿ ಸರ್ಕಾರದವರು ಸಭೆಗೆ ಕರೆದು, ಎಲ್ಲರೂ ಕೈ ಎತ್ತಿ ಎಂದು ಹೇಳಿ, ಹೊಲ ತೆಗೆದುಕೊಂಡು ಕಳಿಸಿದ್ದರು. ಅಂದಿನಿಂದ ನಮ್ಮೂರಲ್ಲಿ ಯಾರಾದರೂ ನಾಲ್ಕು ಕುರ್ಚಿ ಒಟ್ಟಿಗೆ ಇಟ್ಟರೆ ಜನ ಬೇರೆ ದಾರಿ ಹಿಡಿಯುತ್ತಾರೆ. ಇದನ್ನು ಮಿಂಚೊಗೆ ತರಬೇತಿಯಲ್ಲಿ ಯಾರೂ ಹೇಳಿರಲಿಲ್ಲ. ಹೇಳಬೇಕಾದದ್ದು ನಾವು. ನಾವೂ ಹೇಳಲಿಲ್ಲ.

ಅಂತಿಮ ಸಭೆಯ ದಿನ ಗೊತ್ತಾಯಿತು. ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ, ವಾಚನಾಲಯದ ಸಭಾಂಗಣದಲ್ಲಿ. ಪುರಸಭೆಯ ಇಂಜಿನಿಯರ್ ಬೊಜಿನೋವ್ ಸಾಹೇಬರೇ ಬರುವವರಿದ್ದರು. ಮಿಂಚೊ ನನ್ನ ಅಂಗಡಿಯಲ್ಲಿ ತಲೆ ಮೇಲೆ ಕೈಹೊತ್ತು ಕೂತ. "ಯಾರೂ ಬರಲ್ಲ ನೇದ್ಕ. ದೊಂಕಾಗೆ ಏನಂತ ಹೇಳ್ಲಿ?" ಅಂದ. ನಾನು ಅವನಿಗೆ ಒಂದು ಲೋಟ ರಾಕಿಯ ಸಾರಾಯಿ ಸುರಿದುಕೊಟ್ಟೆ. ಅಷ್ಟರಲ್ಲಿ ಯಾರದೋ ಆರು ತಿಂಗಳ ಸಾವಿನ ಚೀಟಿ ಕದಕ್ಕೆ ಅಂಟಿಸಿ ಹೋದರು. ದಾರಿಯಲ್ಲಿ ಹೋಗುತ್ತಿದ್ದವರೆಲ್ಲ ನಿಂತರು. ಇಸ್ಪೀಟು ಬಿಟ್ಟು ದಾನ್ಯೊ ಎದ್ದು ಹೋಗಿ ನೋಡಿದ. ಮಿಂಚೊ ಲೋಟ ಕೆಳಗಿಟ್ಟ. ಜನ ಮೊದಲೇ ಕಣ್ಣಿಡುವ ಜಾಗದಲ್ಲಿ, ಅವರಿಗೆ ರೂಢಿಯಾದ ರೀತಿಯಲ್ಲಿ ವಿಷಯ ಮುಟ್ಟಿಸಬೇಕು ಎಂದು ತರಬೇತಿಯಲ್ಲಿ ಹೇಳಿದ್ದರಂತೆ. ಅವನ ಮುಖ ಬೆಳಗಿತು. ಆ ಬೆಳಕು ಕಂಡಾಗಲೇ ನಾನು ಅವನನ್ನು ಒಳಗೆ ಕೂಡಿಹಾಕಬೇಕಿತ್ತು.

ಶನಿವಾರ ಬೆಳಿಗ್ಗೆ ಊರಿನ ಮರ, ಕಂಬ, ಕದ, ಎಲ್ಲ ಕಡೆ ಸಾವಿನ ಚೀಟಿ. ಸತ್ತದ್ದು ಬಸ್ಸು. "ನಲವತ್ತು ವರ್ಷ ನಮ್ಮನ್ನು ಹೊತ್ತು ತಿರುಗಿದ ನಮ್ಮ ಬಸ್ಸು ನಮ್ಮನ್ನು ಅಗಲುತ್ತಿರುವುದನ್ನು ಅತೀವ ದುಃಖದಿಂದ ತಿಳಿಸುತ್ತೇವೆ" ಎಂದು ಬರೆದಿದ್ದ. ಕೆಳಗೆ ಸಭೆಯ ವಿಚಾರ, ಕಾನೂನಿನ ಕಲಮು, ಎಲ್ಲ ಸಣ್ಣ ಅಕ್ಷರದಲ್ಲಿ ಸರಿಯಾಗಿಯೇ ಇತ್ತು. ಆದರೆ ಚಿತ್ರ ಬೇಕಲ್ಲ. ಮಿಂಚೊ ಹತ್ತಿರ ಬಸ್ಸಿನ ಚಿತ್ರ ಇದ್ದದ್ದು ಒಂದೇ, ಅದರ ಮೂತಿಗೆ ಒರಗಿಕೊಂಡು ಗವ್ರಿಲ್ ಮೀಸೆ ತಿರುವುತ್ತಿದ್ದದ್ದು. ಕಂಪ್ಯೂಟರಿನಲ್ಲಿದ್ದ ಮೊಟ್ಟೆಯಾಕಾರದ ಚೌಕಟ್ಟಿಗೆ ಅದನ್ನು ತೂರಿಸಿದಾಗ ಬಸ್ಸೆಲ್ಲ ಹೊರಗೆ ಉಳಿಯಿತು, ಮೀಸೆ ಒಳಗೆ ಬಂತು. ಒಂದು ಮೂಲೆಯಲ್ಲಿ ದೀಪದ ಗಾಜು ಸ್ವಲ್ಪ ಕಾಣುತ್ತಿತ್ತು. ಸಾಕು ಅಂದುಕೊಂಡ.

ಸಾವಿನ ಚೀಟಿಯನ್ನು ನಾವು ಯಾರೂ ಓದುವುದಿಲ್ಲ. ಮುಖ ನೋಡುತ್ತೇವೆ, ಗಂಟೆ ನೋಡುತ್ತೇವೆ, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಮನೆಗೆ ಹೋಗಿ ಸತ್ತವರ ಪ್ರಸಾದಕ್ಕೆ ಗೋಧಿ ನೆನೆಹಾಕುತ್ತೇವೆ. ಸತ್ತವರ ಬಗ್ಗೆ ಬರೆಯುವ ಮಾತು ಎಲ್ಲರಿಗೂ ಒಂದೇ ತಾನೆ.

ಗವ್ರಿಲ್ ಪಟ್ಟಣದವನು. ಹಿಂದಿನ ಸಂಜೆ ತಾನೇ ನಮ್ಮನ್ನು ಇಳಿಸಿ ಹೋಗಿದ್ದ. ಅಂದಮೇಲೆ ವಾಪಸು ಹೋಗುವಾಗ ಆಗಿರಬೇಕು. ಎಲ್ಲಿ ಎಂದು ಮಧ್ಯಾಹ್ನದೊಳಗೆ ಗೊತ್ತಾಯಿತು, ಗುಡ್ಡದ ರಸ್ತೆಯ ಎರಡನೇ ತಿರುವಿನಲ್ಲಿ. ಹೇಗೆ ಎಂದು ಸಂಜೆಯೊಳಗೆ ಗೊತ್ತಾಯಿತು, ಹೃದಯ. ಟಿಕೆಟ್ ಕೊಡುವಾಗ ಅವನ ಕೈ ಮಂಜುಗಡ್ಡೆಯಂತಿತ್ತು ಎಂದು ಸ್ತಾಮೆನಜ್ಜಿ ನೆನಪಿಸಿಕೊಂಡಳು. ಭಾನುವಾರದ ಹೊತ್ತಿಗೆ ಅವನ ಕೊನೆಯ ಮಾತೂ ಸಿಕ್ಕಿತು. "ನಮ್ಮ ಕ್ರುಶಾದವರನ್ನ ಯಾರು ಕರ್ಕೊಂಡು ಹೋಗ್ತಾರೆ" ಅಂದನಂತೆ. ಯಾರಿಗೆ ಅಂದ ಎಂದು ಯಾರೂ ಕೇಳಲಿಲ್ಲ. ನಾನಂತೂ ಕಾಫಿ ಪುಡಿಯ ಡಬ್ಬಿಯ ಮೇಲೆ ತಲೆಯಿಟ್ಟು ಅತ್ತೆ. ನನ್ನ ಅಂಗಡಿಗೆ ಬ್ರೆಡ್ಡು ತರುತ್ತಿದ್ದವನು ಅವನೇ. ಅವನಿಗೆ ಫೋನ್ ಮಾಡಿ ನೋಡಬಹುದಿತ್ತಲ್ಲ ಎಂದು ಆಮೇಲೆ ಹಲವರು ಬುದ್ಧಿ ಹೇಳಿದರು. ಸತ್ತವರಿಗೆ ಯಾರಾದರೂ ಫೋನ್ ಮಾಡುತ್ತಾರೆಯೇ?

ಮಿಂಚೊ ಆ ಮೂರೂ ದಿನ ಸಭಾಂಗಣದಲ್ಲಿ ಕುರ್ಚಿಗಳನ್ನು ಗುಂಡಗೆ ಜೋಡಿಸುತ್ತಿದ್ದ. ಎಂಥ ಅನ್ಯಾಯವಾಯಿತಲ್ಲ ಎಂದು ಕಿಟಕಿಯಿಂದ ಯಾರಾದರೂ ಹೇಳಿದರೆ ಅವನ ಕಣ್ಣಲ್ಲಿ ನೀರು ಬರುತ್ತಿತ್ತು. ಕೊನೆಗೂ ಜನ ಎಚ್ಚೆತ್ತರಲ್ಲ ಎಂದು. ಮಂಗಳವಾರ ತಪ್ಪದೆ ಬನ್ನಿ ಎನ್ನುತ್ತಿದ್ದ.

ಬಂದರು. ಹಾಸಿಗೆ ಹಿಡಿದವರನ್ನು ಬಿಟ್ಟು ಊರಿಗೆ ಊರೇ ಬಂತು. ಕಪ್ಪು ಬಟ್ಟೆ, ಕಪ್ಪು ತಲೆವಸ್ತ್ರ, ಕೈಯಲ್ಲಿ ಹೂವು, ಬೇಯಿಸಿದ ಗೋಧಿಗೆ ಸಕ್ಕರೆ ಅಕ್ರೋಟು ಬೆರೆಸಿದ ಬಟ್ಟಲು, ವೈನು. ಮಿಂಚೊ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕೈಯನ್ನೂ ಎರಡು ಕೈಯಲ್ಲಿ ಹಿಡಿದುಕೊಂಡ. ಕಪ್ಪು ಬಟ್ಟೆ ನೋಡಿ, ಪ್ರತಿಭಟನೆ ಅಂದರೆ ಹೀಗಿರಬೇಕು ಅಂದುಕೊಂಡ. ಎಲ್ಲರಿಗೂ ಬಣ್ಣದ ಅಂಟುಚೀಟಿ ಹಂಚಿ, ಮನಸ್ಸಿನಲ್ಲಿದ್ದದ್ದನ್ನು ಬರೆದು ಗೋಡೆಗೆ ಅಂಟಿಸಿ ಅಂದ. ಗೋಡೆ ತುಂಬಿತು. ಮಣ್ಣು ಹಗುರವಾಗಲಿ. ದೇವರು ಕ್ಷಮಿಸಲಿ. ಹೋಗಿ ಬಾ, ನಿನ್ನ ಉಪಕಾರ ಮರೆಯುವುದಿಲ್ಲ.

ಬೊಜಿನೋವ್ ಸಾಹೇಬರು ಬೈಗುಳ ತಿನ್ನಲು ಸಿದ್ಧರಾಗಿ ಬಂದಿದ್ದರು. ಹಿಂದಿನ ಊರಿನಲ್ಲಿ ಅವರ ಕಾರಿಗೆ ಟೊಮ್ಯಾಟೊ ಬಿದ್ದಿತ್ತು. ಆ ಚೀಟಿಯನ್ನು ಕೊನೆಯ ಸಾಲಿನವರೆಗೆ ಓದಿದ ಮನುಷ್ಯ ಇಡೀ ಸಭೆಯಲ್ಲಿ ಅವರೊಬ್ಬರೇ. ಬಸ್ಸಿಗಾಗಿ ಇಷ್ಟು ಗಂಭೀರವಾಗಿ ಅಳುವ ಜನರನ್ನು ಕಂಡು ಅವರೂ ಕುರ್ಚಿ ಎಳೆದುಕೊಂಡು ನಮ್ಮ ನಡುವೆಯೇ ಕೂತರು. ಗೋಧಿ ಕೊಟ್ಟರೆ ಬೇಡವೆನ್ನಲಿಲ್ಲ. ಒಬ್ಬೊಬ್ಬರೇ ಎದ್ದು ಮಾತಾಡಿದರು. ಔಷಧಿ ಚೀಟಿ ಕೊಟ್ಟರೆ ಗವ್ರಿಲ್ ತಾನೇ ತಂದುಕೊಡುತ್ತಿದ್ದ ಎಂದು ಒಬ್ಬರು. ಹಲ್ಲಿನ ಸೆಟ್ಟು ಮರೆತು ಬಂದಾಗ ಬಸ್ಸು ತಿರುಗಿಸಿ ಮನೆವರೆಗೆ ಬಂದಿದ್ದ ಎಂದು ಸ್ತಾಮೆನಜ್ಜಿ. ಸಾಹೇಬರು ಎಲ್ಲವನ್ನೂ ಬರೆದುಕೊಂಡರು. ಡ್ರೈವರನ ಮೇಲೆ ಇಷ್ಟು ಪ್ರೀತಿ ಇರುವ ಊರನ್ನು ತಾವು ಕಂಡೇ ಇಲ್ಲ ಎಂದರು. ಆಮೇಲೆ ಮೆತ್ತಗೆ, ಹಾಗಾದರೆ ಬಸ್ಸು ನಿಲ್ಲುವುದಕ್ಕೆ ನೀವು ಒಪ್ಪುತ್ತೀರಾ ಎಂದು ಕೇಳಿದರು.

ದಾನ್ಯೊ ಟೋಪಿ ತೆಗೆದು ಎದ್ದ. "ಗವ್ರಿಲನೇ ಇಲ್ಲ ಅಂದ್ಮೇಲೆ ಬಸ್ಸು ಇಟ್ಕೊಂಡು ಏನ್ ಮಾಡೋಣ ಸಾಹೇಬ್ರೆ" ಅಂದ.

ಮಿಂಚೊ ಹೌಹಾರಿದ. ನಡುವೆ ನುಗ್ಗಿ, "ಏನ್ ಹೇಳ್ತಾ ಇದೀರಾ? ಬಿಡ್ಬೇಡಿ. ಆಗಲ್ಲ ಅನ್ನಿ. ಕೂಗಿ. ಒಬ್ಬರಾದ್ರೂ ಆಗಲ್ಲ ಅನ್ನಿ" ಎಂದು ಒಬ್ಬೊಬ್ಬರ ಮುಂದೆಯೂ ಹೋಗಿ ಅಂಗಲಾಚಿದ. ಎರಡು ವರ್ಷದಿಂದ ತಡೆದುಕೊಂಡದ್ದು ಈಗ ಒಡೆಯಿತು ಎಂದು ನಮಗೆಲ್ಲ ಅವನ ಮೇಲೆ ಮರುಕ ಹುಟ್ಟಿತು. ಸ್ತಾಮೆನಜ್ಜಿ ಅವನ ತೋಳು ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು.

"ಹೋಗೋರನ್ನ ಹಿಡಿದು ಎಳೀಬಾರ್ದು ಮಗಾ. ಅವರಿಗೆ ದಾರಿ ಸಾಗಲ್ಲ. ಸುಮ್ನೆ ಕೂತ್ಕೋ."

ಸಾಹೇಬರು ಕಣ್ಣೊರೆಸಿಕೊಂಡು ಎದ್ದು ನಿಂತರು. ನಾವೂ ನಿಂತೆವು. ಒಂದು ನಿಮಿಷ ಮೌನ. ಆ ಮೌನದಲ್ಲಿ ಯಾರೂ ಆಕ್ಷೇಪಣೆ ಎತ್ತಲಿಲ್ಲ ಎಂದು ನಡಾವಳಿಯಲ್ಲಿ ದಾಖಲಾಯಿತು.

ಸಾಹೇಬರ ಕಾರು ಗುಡ್ಡ ಇಳಿಯಿತು. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಗವ್ರಿಲ್ ಕಾಣಿಸಿಕೊಂಡ. ನಿಲ್ದಾಣದಲ್ಲಿ ಒಂದು ನರಪಿಳ್ಳೆಯೂ ಇಲ್ಲದ್ದು ನೋಡಿ ಹುಡುಕಿಕೊಂಡು ಬಂದಿದ್ದ. ಕಪ್ಪು ಬಟ್ಟೆ ಕಂಡು ಟೋಪಿ ತೆಗೆದ. ಬಾಗಿಲ ಬಳಿ ಗೋಧಿ ಹಂಚುತ್ತಿದ್ದವಳು ನಾನು. ತಲೆ ಎತ್ತದೆ ಒಂದು ಲೋಟ ಗೋಧಿ ಅವನ ಕೈಗಿಟ್ಟೆ. ಅವನು ಒಂದು ಚಮಚ ಬಾಯಿಗೆ ಹಾಕಿಕೊಂಡು, "ದೇವರು ಕ್ಷಮಿಸಲಿ. ಯಾರು ಹೋದದ್ದು ನೇದ್ಕಕ್ಕ?" ಎಂದು ಪಿಸುಗುಟ್ಟಿದ.

"ಗವ್ರಿಲ್" ಅಂದೆ. ಆಮೇಲೆ ತಲೆ ಎತ್ತಿದೆ.

ಮುಂದೆ ಆದದ್ದನ್ನು ಹೇಳುವುದು ಕಷ್ಟ. ಕೆಲವರು ಬಾಗಿಲಿಗೆ ಓಡಿದರು, ಬಾಗಿಲಲ್ಲಿ ಅವನೇ ಇದ್ದದ್ದರಿಂದ ಕಿಟಕಿಗೆ ಓಡಿದರು. ಸ್ತಾಮೆನಜ್ಜಿ ಹತ್ತಿರ ಹೋಗಿ ಅವನ ಕೆನ್ನೆಗೆ ಪಟೀರೆಂದು ಒಂದು ಬಿಗಿದಳು. ಬಿಸಿಯಿದೆ ಎಂದು ಖಾತ್ರಿಯಾದ ಮೇಲೆ ಅಪ್ಪಿಕೊಂಡು ಅತ್ತಳು. ಗವ್ರಿಲ್ ತನ್ನ ಚೀಟಿಯ ಮುಂದೆ ನಿಂತು, ಕೆಟ್ಟದ್ದು ತಾಗದಿರಲಿ ಎಂದು ಮೂರು ಸಲ ತೂ ತೂ ಎಂದು ಉಗಿದು, ಫೋಟೋ ಚೆನ್ನಾಗಿ ಬಂದಿದೆ ಅಂದ. ಜೀವಮಾನದಲ್ಲೇ ಮೊದಲ ಸಲ ಎಲ್ಲರೂ ಒಂದು ಸಾವಿನ ಚೀಟಿಯನ್ನು ಪೂರ್ತಿ ಓದಿದರು. ಓದಿ ಮುಗಿಸಿ ಮಿಂಚೊನನ್ನು ಹುಡುಕಿದರು, ಹೊಡೆಯಲು. ಅವನು ಅಲ್ಲಿರಲಿಲ್ಲ. ಸಾಹೇಬರ ಕಾರಿನ ಹಿಂದೆ ಗುಡ್ಡ ಇಳಿದು ಓಡುತ್ತಿದ್ದ. ಕೊರಳ ಬಿಲ್ಲೆ ಹಿಂದಕ್ಕೆ ಹಾರುತ್ತಿತ್ತು. ಎರಡನೇ ತಿರುವಿನಲ್ಲಿ ಕೂತುಬಿಟ್ಟಿದ್ದ. ಗವ್ರಿಲ್ ಬಸ್ಸಿನಲ್ಲಿ ಹೋಗಿ ಹತ್ತಿಸಿಕೊಂಡ. ಅವನ ಮುಖ ನೋಡಿ ಹೊಡೆಯುವ ಮನಸ್ಸು ಯಾರಿಗೂ ಬರಲಿಲ್ಲ.

ಮಾರನೆಯ ದಿನ ಮಿಂಚೊ ಸಾಹೇಬರಿಗೆ ಫೋನ್ ಮಾಡಿದ. ಸಮಾಲೋಚನೆ ಮುಗಿದಿದೆ, ಇಡೀ ಜಿಲ್ಲೆಯಲ್ಲಿ ಇಷ್ಟು ಜನ ಸೇರಿದ್ದು ನಿಮ್ಮೂರಲ್ಲೇ, ಇಷ್ಟು ಘನತೆಯಿಂದ ಬೀಳ್ಕೊಟ್ಟದ್ದೂ ನೀವೇ, ಮುಂದಿನ ತರಬೇತಿಯಲ್ಲಿ ನೀವೇ ಬಂದು ಪಾಠ ಹೇಳಬೇಕು ಎಂದರು ಸಾಹೇಬರು. ಕೆಟ್ಟ ಮನುಷ್ಯರಲ್ಲ. ಮನಸಾರೆ ಹೇಳಿದರು. ನಾವೆಲ್ಲ ಸಹಿ ಹಾಕಿ ಆಕ್ಷೇಪಣೆ ಕಳಿಸಿದೆವು. ಅವಧಿ ಮೀರಿದೆ ಎಂದು ವಾಪಸು ಬಂತು. ತಿಂಗಳ ಕೊನೆಯ ಶುಕ್ರವಾರಕ್ಕೆ ಬಸ್ಸು ಕೊನೆ ಎಂದಾಯಿತು.

ಆ ಶುಕ್ರವಾರ ಯಾರೂ ಯಾರಿಗೂ ಹೇಳಿರಲಿಲ್ಲ. ನಾನು ಅಂಗಡಿಗೆ ಬೀಗ ಹಾಕಿ ನಿಲ್ದಾಣಕ್ಕೆ ಬಂದರೆ ಊರೇ ಅಲ್ಲಿ ನಿಂತಿತ್ತು. ಪಟ್ಟಣದಲ್ಲಿ ಯಾರಿಗೂ ಏನೂ ಕೆಲಸವಿರಲಿಲ್ಲ. ಎರಡು ವರ್ಷದಲ್ಲಿ ದೊಂಕಳನ್ನು ನಾವ್ಯಾರೂ ಹೋಗಿ ನೋಡಿರಲಿಲ್ಲ. ಹೋಗಬೇಕು ಅಂದುಕೊಳ್ಳುತ್ತಲೇ ಇದ್ದೆವು, ಬಸ್ಸು ಹೇಗೂ ಇದೆಯಲ್ಲ ಎಂದು. ಪಟ್ಟಣಕ್ಕೆ ಹೋಗುವ ಒಳ್ಳೆ ಬಟ್ಟೆಯೂ ಸಾವಿಗೆ ಹೋಗುವ ಬಟ್ಟೆಯೂ ನಮಗೆಲ್ಲ ಒಂದೇ ಜೊತೆ. ಅದನ್ನೇ ಹಾಕಿದ್ದೆವು. ಬದುಕಿದವರಿಗೆ ಕೊಡುವ ಹೂವು ಬೆಸಸಂಖ್ಯೆಯಲ್ಲಿರಬೇಕು, ಸಮಸಂಖ್ಯೆ ಸತ್ತವರಿಗೆ ಎಂದು ಎಲ್ಲರೂ ಎಣಿಸಿ ತಂದಿದ್ದೆವು. ಶುಶ್ರೂಷಾಲಯದ ನರ್ಸು ಎಲ್ಲವನ್ನೂ ತೆಗೆದುಕೊಂಡು ಒಂದೇ ಬಕೆಟ್ಟಿಗೆ ತುರುಕಿದಳು.

ದೊಂಕ ದಿಂಬಿಗೊರಗಿ ಕೂತಿದ್ದಳು. ಬಹಳ ಸಣ್ಣಗಾಗಿದ್ದಳು. ಮಿಂಚೊ ಮೊಸರಿನ ಡಬ್ಬಿ ಬಿಚ್ಚಿ, ಕೊರಳಿಗೆ ಬಟ್ಟೆ ಕಟ್ಟಿ, ಒಂದು ಚಮಚ ತಿನ್ನಿಸಿದ. ಅವಳು ನುಂಗಿ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಗೋಡೆಗುಂಟ ನಾವು, ಬಾಗಿಲಲ್ಲಿ ನಾವು, ಹೊರಗಿನ ಪಡಸಾಲೆಯ ಉದ್ದಕ್ಕೂ ನಾವು. ಅವಳ ಮಾತು ತಡವರಿಸುತ್ತಿತ್ತು, ಆದರೆ ಸ್ಪಷ್ಟವಾಗಿತ್ತು.

"ಯಾರು ಹೋದ್ರು?"

"ಯಾರೂ ಇಲ್ಲ ಕಣೇ. ನಿನ್ನ ನೋಡೋಕೆ ಬಂದಿದಾರೆ" ಅಂದ ಮಿಂಚೊ.

ಅವಳು ಬಕೆಟ್ಟಿನ ಕಡೆ ನೋಡಿದಳು, ನಮ್ಮ ಬಟ್ಟೆ ನೋಡಿದಳು. "ಹಾಗಾದ್ರೆ ನಾನಾ?" ಅಂದಳು.

ಸ್ತಾಮೆನಜ್ಜಿ ಬಾಯಿಗೆ ತಲೆವಸ್ತ್ರದ ತುದಿ ಒತ್ತಿಕೊಂಡಳು. ಮಿಂಚೊ ಅವಳ ಎಡಗೈ ಹಿಡಿದುಕೊಂಡು, "ನೀನಲ್ಲ. ಬಸ್ಸು. ಇವತ್ತೇ ಕೊನೆ. ಗವ್ರಿಲ್ ಇನ್ನು ಬರಲ್ಲ" ಅಂದ.

ದೊಂಕ ಅವನ ಕೈಯನ್ನು ಮೊಸರಿನ ಡಬ್ಬಿಯತ್ತ ತಳ್ಳಿದಳು.

"ಎರಡೂ ಒಂದೇ ಅಲ್ವಾ" ಅಂದಳು. ಅಂದು ಇನ್ನೊಂದು ಚಮಚಕ್ಕೆ ಬಾಯಿ ತೆರೆದಳು.

ಮಿಂಚೊ ತಿನ್ನಿಸಿದ. ಡಬ್ಬಿಯ ತಳ ಕೆರೆದು ಪೂರ್ತಿ ತಿನ್ನಿಸಿದ. ಬಸ್ಸು ಹೊರಡುವ ಹೊತ್ತು ಯಾವಾಗಲೋ ಮೀರಿತ್ತು. ಗವ್ರಿಲ್ ಬಾಗಿಲ ಬಳಿ ನೆಲದ ಮೇಲೆ ಕೂತಿದ್ದ, ಏಳಿ ಎಂದು ಯಾರಿಗೂ ಹೇಳಲಿಲ್ಲ. ನರ್ಸು ಬಂದು ದೀಪ ಆರಿಸಬೇಕು ಎನ್ನುವವರೆಗೂ ನಾವು ಅಲ್ಲೇ ಇದ್ದೆವು.